ಹಾಡು ನಿಂತ ಗಳಿಗೆ

ತಪಸ್ಸುಕಾಲದ ಒಂದು ಶುಕ್ರವಾರದ ಸಂಜೆ. ನಮ್ಮ ದೇವಾಲಯದಲ್ಲಿ ಶಿಲುಬೆಯ ಹಾದಿಯ ಭಕ್ತಿಕಾರ್ಯ ನಡೆಯುತ್ತಿತ್ತು. ಮೂರನೆಯ ಸ್ಥಳದ ಪ್ರಾರ್ಥನೆ ಮುಗಿದು, ಪ್ರಭು ಯೇಸು ತಮ್ಮ ತಾಯಿಯನ್ನು ಸಂಧಿಸುವ ನಾಲ್ಕನೆಯ ಸ್ಥಳದತ್ತ ನಾವೆಲ್ಲರೂ ತಿರುಗುತ್ತಿದ್ದಂತೆ ವಿದ್ಯುತ್ ಹೋಯಿತು. ಧ್ವನಿವರ್ಧಕ ಮೂಕವಾಯಿತು. ಮೊದಲೇ ಮುದ್ರಿಸಿಟ್ಟ ವಾದ್ಯಸಂಗೀತಕ್ಕೆ ದನಿಗೂಡಿಸುತ್ತಿದ್ದ ಗಾನವೃಂದದ ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಗೋಡೆಯ ಮೇಲೆ ಮೂಡುತ್ತಿದ್ದ ಹಾಡಿನ ಸಾಲುಗಳೂ ಮಾಯವಾಗಿದ್ದವು. ಇನ್ನೂರಕ್ಕೂ ಹೆಚ್ಚು ಜನರಿದ್ದ ಆ ದೇವಾಲಯದಲ್ಲಿ ಹಾಡನ್ನು ಮುಂದುವರಿಸುವವರು ಒಬ್ಬರೂ ಇರಲಿಲ್ಲ. ಗುರುಗಳು ಸ್ವಲ್ಪ ಹೊತ್ತು ಕಾದು, ಮೇಣದ ಬತ್ತಿಯ ಬೆಳಕಿನಲ್ಲಿ ಪ್ರಾರ್ಥನೆಯನ್ನು ಓದತೊಡಗಿದರು.

ಮನೆಗೆ ಬರುವ ದಾರಿಯಲ್ಲಿ ನಾನು ಇಂದಿನ ಹಾಡುಗಳನ್ನೂ ಯಂತ್ರಗಳನ್ನೂ ಹಳಿಯುತ್ತಾ ನಡೆದೆ. ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಎಂದೆ. ಗಾನವೃಂದದಲ್ಲಿ ಹಾಡುವ ನನ್ನ ಮಗಳು ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ಒಂದೇ ಪ್ರಶ್ನೆ ಕೇಳಿದಳು: "ಹಾಗಾದರೆ ಹಳೆಯ ಹಾಡನ್ನು ನೀವೇ ಎತ್ತಿಕೊಳ್ಳಬಹುದಿತ್ತಲ್ಲಪ್ಪಾ?" ನನ್ನಲ್ಲಿ ಉತ್ತರವಿರಲಿಲ್ಲ. ಬಾಲ್ಯದಿಂದ ಕೇಳಿದ ಆ ಹಾಡಿನ ಮೊದಲ ಸಾಲಿನಾಚೆಗೆ ನನಗೂ ಏನೂ ನೆನಪಿರಲಿಲ್ಲ. ಅಷ್ಟು ವರ್ಷ ನಾನು ಹಾಡಿನ ಹತ್ತಿರ ನಿಂತಿದ್ದೆನೇ ಹೊರತು ಹಾಡಿರಲಿಲ್ಲ.

ಅಂದಿನಿಂದ, ಕ್ರೈಸ್ತ ಸಂಗೀತವಾಗಲಿ ಚಲನಚಿತ್ರವಾಗಲಿ, ಅದನ್ನು ಹಳೆಯದು ಹೊಸದು ಎಂಬ ತಕ್ಕಡಿಯಲ್ಲಿ ತೂಗುವುದನ್ನು ಬಿಟ್ಟಿದ್ದೇನೆ. ಬದಲಿಗೆ ಬೇರೊಂದು ಪ್ರಶ್ನೆಯನ್ನು ಕೇಳಿಕೊಳ್ಳುತ್ತೇನೆ: ಈ ಕೃತಿ ನನ್ನನ್ನು ಪಾಲುಗಾರನನ್ನಾಗಿ ಮಾಡುತ್ತದೆಯೇ, ಅಥವಾ ಬರಿಯ ಪ್ರೇಕ್ಷಕನನ್ನಾಗಿ ಕೂರಿಸುತ್ತದೆಯೇ? ಈ ಪ್ರಶ್ನೆಯನ್ನಿಟ್ಟುಕೊಂಡು, ನಮ್ಮ ಮನೆಗಳನ್ನು ಹೊಕ್ಕಿರುವ ಅಥವಾ ಹೊಗಬೇಕಾದ ಕೆಲವು ಕೃತಿಗಳನ್ನು ನೋಡೋಣ.

ಮೊದಲಿಗೆ ಒಂದು ಹಾಡು. ಆಸ್ಟ್ರೇಲಿಯಾದ ಸಿಡ್ನಿಯ ಹಿಲ್‌ಸಾಂಗ್ ಸಭೆಯ 'ಹಿಲ್‌ಸಾಂಗ್ ಯುನೈಟೆಡ್' ತಂಡ 2013ರಲ್ಲಿ ಹೊರತಂದ 'ಓಷನ್ಸ್' ಎಂಬ ಗೀತೆಯನ್ನು ಕೇಳದ ಯುವಜನರು ವಿರಳ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಕ್ರೈಸ್ತ ಗೀತೆಗಳ ಪಟ್ಟಿಯಲ್ಲಿ ಅದು ಒಟ್ಟು 61 ವಾರಗಳ ಕಾಲ ಮೊದಲನೆಯ ಸ್ಥಾನದಲ್ಲಿತ್ತು. ಸಂತ ಮತ್ತಾಯರ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಪೇತ್ರ ನೀರಿನ ಮೇಲೆ ನಡೆಯುವ ಪ್ರಸಂಗವೇ ಅದರ ಬೀಜ. ಗಾಯಕಿ ಟಾಯಾ ಸ್ಮಿತ್ ಅವರ ಕಂಠ ಮೆಲುದನಿಯಲ್ಲಿ ತೊಡಗಿ, ಒಂದೇ ಭಾಗವನ್ನು ಮತ್ತೆ ಮತ್ತೆ ಹಾಡುತ್ತಾ, ಅಲೆಯ ಮೇಲೆ ಅಲೆ ಎದ್ದಂತೆ ಏರುತ್ತದೆ. ಸುಮಾರು ಒಂಬತ್ತು ನಿಮಿಷಗಳ ಆ ಗೀತೆಯನ್ನು ಕಣ್ಮುಚ್ಚಿ ಕೇಳಿದವರ ಮನ ಕರಗದಿರುವುದು ಕಷ್ಟ. ಭಯದ ನಡುವೆ ವಿಶ್ವಾಸವನ್ನು ಬೇಡುವ ಅದರ ಹಂಬಲ ಪ್ರಾಮಾಣಿಕವಾದುದು. ನನ್ನ ಮಗಳು ಪರೀಕ್ಷೆಯ ಹಿಂದಿನ ರಾತ್ರಿ ಅದನ್ನು ಕೇಳುತ್ತಾಳೆ. ಅದನ್ನು ಅಲ್ಲಗಳೆಯುವ ಮನಸ್ಸು ನನಗಿಲ್ಲ.

ಆದರೆ ಶುಭಸಂದೇಶವನ್ನು ತೆರೆದು ಓದಿದಾಗ ಒಂದು ಸಂಗತಿ ಎದ್ದುಕಾಣುತ್ತದೆ. ಮತ್ತಾಯರು ಬರೆದಂತೆ ಪೇತ್ರ ಮುಳುಗುತ್ತಾನೆ, ಕೂಗುತ್ತಾನೆ. ಪ್ರಭು ಕೈಚಾಚಿ ಅವನನ್ನು ಹಿಡಿಯುತ್ತಾರೆ. ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಇಬ್ಬರೂ ದೋಣಿಯನ್ನೇರುತ್ತಾರೆ, ಗಾಳಿ ನಿಲ್ಲುತ್ತದೆ, ದೋಣಿಯಲ್ಲಿದ್ದವರೆಲ್ಲರೂ ಒಟ್ಟಾಗಿ ಪ್ರಭುವನ್ನು ಆರಾಧಿಸುತ್ತಾರೆ. ಹಾಡಿನಲ್ಲಿ ಈ ದೋಣಿಯೇ ಇಲ್ಲ. ಅಲ್ಲಿರುವುದು ನಾನು, ನೀರು ಮತ್ತು ದೇವರು ಮಾತ್ರ. ಉಳಿದ ಶಿಷ್ಯರು ಎಲ್ಲಿ ಹೋದರು? ತರಬೇತಿ ಪಡೆದ ಕಂಠಕ್ಕೆ ಹೊಂದುವ ಆ ರಾಗದ ಏರಿಳಿತವನ್ನು ಎಪ್ಪತ್ತರ ಅಜ್ಜನೂ ಏಳರ ಮೊಮ್ಮಗಳೂ ಒಟ್ಟಿಗೆ ಹಾಡಲಾರರು. ಹಾಡಿನ ಪದಗಳಲ್ಲಿ ಇಲ್ಲದ ದೋಣಿ ಹಾಡುವ ರೀತಿಯಲ್ಲಿಯೂ ಇಲ್ಲವಾಗುತ್ತದೆ.

'ನಾನು' ಎಂಬ ಪದವೇ ಇಲ್ಲಿನ ದೋಷ ಎಂದು ಯಾರೂ ತಿಳಿಯಬಾರದು. ಕೀರ್ತನೆಗಳ ಗ್ರಂಥದ ತುಂಬ 'ನಾನು' ಇದೆ. 22ನೆಯ ಕೀರ್ತನೆ ದೇವರಿಂದ ಕೈಬಿಡಲ್ಪಟ್ಟ ಒಬ್ಬ ಒಂಟಿ ಮನುಷ್ಯನ ಕೂಗಿನಿಂದಲೇ ಆರಂಭವಾಗುತ್ತದೆ; ಶಿಲುಬೆಯ ಮೇಲೆ ಪ್ರಭು ಮಾಡಿದ ಪ್ರಾರ್ಥನೆಯೂ ಅದೇ. ಆದರೆ ಆ ಕೂಗು ಅರ್ಧ ದಾರಿ ಸವೆಸುವಷ್ಟರಲ್ಲಿ ಸಭೆಯ ನಡುವೆ ಬಂದು ನಿಂತಿರುತ್ತದೆ, ಸಹೋದರರ ಮುಂದೆ ದೇವರ ಹೆಸರನ್ನು ಸಾರುತ್ತದೆ. ಕೀರ್ತನೆಯ 'ನಾನು' ಎಲ್ಲರಿಗೂ ತೆರೆದ ಮನೆ. ಇಂದು ದುಃಖವಿಲ್ಲದವನು ಅದನ್ನು ಪಕ್ಕದ ಬೆಂಚಿನಲ್ಲಿರುವ ದುಃಖಿಗಾಗಿ ಹಾಡುತ್ತಾನೆ.

ಧರ್ಮಸಭೆ ಈ ವಿಷಯದಲ್ಲಿ ಮೌನವಾಗಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನಾ ವಿಧಿಯ ಸಂವಿಧಾನ, ಹಾಡಿನಲ್ಲಿ ಇಡೀ ಭಕ್ತ ಸಮುದಾಯ ಸಕ್ರಿಯವಾಗಿ ಪಾಲ್ಗೊಳ್ಳಬೇಕೆಂದು ಹೇಳುತ್ತದೆ. ಆಯಾ ಜನರ ಸ್ವಂತ ಸಂಗೀತ ಪರಂಪರೆಗೆ ತಕ್ಕ ಸ್ಥಾನ ಕೊಡಬೇಕೆಂದೂ ಹೇಳುತ್ತದೆ. ಅದಕ್ಕೂ ಮೊದಲೇ, 1958ರ ಸೆಪ್ಟೆಂಬರ್‌ನಲ್ಲಿ ರೋಮಿನಿಂದ ಬಂದ ಸೂಚನೆಯೊಂದು ದೈವಾರಾಧನೆಯಲ್ಲಿ ಗ್ರಾಮಫೋನ್, ಟೇಪ್ ಮುಂತಾದ ಯಂತ್ರಗಳ ಸಂಗೀತವನ್ನು ನಿಷೇಧಿಸಿತ್ತು. ಆ ನಿಷೇಧವನ್ನು ಹಿಂದೆ ಓದಿದಾಗ ಅತಿ ಬಿಗಿಯೆನಿಸಿತ್ತು. ವಿದ್ಯುತ್ ಹೋದ ಆ ಸಂಜೆ ಅದರ ವಿವೇಕ ಅರ್ಥವಾಯಿತು. ಯಂತ್ರದ ಹಾಡಿನಲ್ಲಿ ದೋಷವಿಲ್ಲ. ಆದರೆ ಯಂತ್ರ ನಮ್ಮ ಪರವಾಗಿ ಪ್ರಾರ್ಥಿಸಲಾರದು.

ಹೊಸ ಸಂಗೀತ ಹೇಗಿರಬಹುದೆಂಬುದಕ್ಕೆ ಫ್ರಾನ್ಸಿನ ತೆಜೆ ಎಂಬ ಹಳ್ಳಿಯ ಮಾದರಿ ನಮ್ಮ ಮುಂದಿದೆ. 1940ರಲ್ಲಿ ಬ್ರದರ್ ರೋಜರ್ ಅಲ್ಲಿಗೆ ಬಂದು ನೆಲೆಸಿದರು. ಮುಂದೆ ಅಲ್ಲಿ ಬೆಳೆದ ಸಮುದಾಯವನ್ನು ಅರಸಿ ನಾನಾ ದೇಶಗಳ ಯುವಜನರು ಬರತೊಡಗಿದಾಗ, ಎಲ್ಲರೂ ಒಟ್ಟಿಗೆ ಹಾಡುವುದು ಹೇಗೆಂಬ ಪ್ರಶ್ನೆ ಎದ್ದಿತು. ಸಂಗೀತಗಾರ ಜಾಕ್ ಬೆರ್ತಿಯೆ (1923–1994) ಕೊಟ್ಟ ಉತ್ತರ ಸರಳವಾಗಿತ್ತು: ಒಂದೆರಡು ಸಾಲು, ಸುಲಭವಾದ ರಾಗ, ಮತ್ತೆ ಮತ್ತೆ ಆವರ್ತನೆ. ಬಂದ ಮೊದಲ ಸಂಜೆಯೇ ಪರಕೀಯನೂ ದನಿಗೂಡಿಸಬಲ್ಲ. 'ಓಷನ್ಸ್'ನಲ್ಲಿಯೂ ಆವರ್ತನೆಯಿದೆ. ಅಲ್ಲಿ ಅದು ಭಾವವನ್ನು ಶಿಖರಕ್ಕೇರಿಸುತ್ತದೆ, ಇಲ್ಲಿ ಮನಸ್ಸನ್ನು ತಿಳಿಗೊಳಿಸುತ್ತದೆ.

ಇನ್ನು ಕನ್ನಡದ ಮಾತು. ಇಂದು ಎಷ್ಟೋ ಇಂಗ್ಲಿಷ್ ಗೀತೆಗಳು ಕನ್ನಡದ ಉಡುಪು ತೊಟ್ಟು ನಮ್ಮ ಪ್ರಾರ್ಥನಾಕೂಟಗಳಿಗೆ ಬರುತ್ತಿವೆ. ಇಂಗ್ಲಿಷಿನ ರಾಗ ಪದದ ಒತ್ತನ್ನು ಅನುಸರಿಸಿ ನಡೆಯುತ್ತದೆ; ಕನ್ನಡ ಪದ್ಯದ ನಡೆಗೆ ಲಘು-ಗುರುಗಳೇ ಆಧಾರ. ಈ ವ್ಯತ್ಯಾಸವನ್ನು ಗಮನಿಸದೆ ಅನುವಾದಿಸಿದಾಗ ಹ್ರಸ್ವವನ್ನು ಎಳೆದು, ದೀರ್ಘವನ್ನು ಮೊಟಕುಗೊಳಿಸಿ ಹಾಡಬೇಕಾಗುತ್ತದೆ. ನಾಲಿಗೆಗೆ ಒಗ್ಗದ ಪದ ನೆನಪಿನಲ್ಲಿಯೂ ನಿಲ್ಲುವುದಿಲ್ಲ. ಜರ್ಮನಿಯಿಂದ ಬಂದ ಪಾದ್ರಿ ಫರ್ಡಿನೆಂಡ್ ಕಿಟೆಲ್ 1862ರಲ್ಲಿಯೇ ಪ್ರಭು ಕ್ರಿಸ್ತರ ಚರಿತ್ರೆಯನ್ನು ಈ ನಾಡಿನ ಛಂದಸ್ಸಿಗೆ ಅಳವಡಿಸಿ 'ಕಥಾಮಾಲೆ'ಯನ್ನು ರಚಿಸಿದರು. ಹೊರಗಿನಿಂದ ಬಂದವರು ನಮ್ಮ ನುಡಿಯ ನಡಿಗೆಯನ್ನು ಇಷ್ಟು ಶ್ರದ್ಧೆಯಿಂದ ಕಲಿತಿರುವಾಗ, ಇಲ್ಲಿಯೇ ಹುಟ್ಟಿದ ನಾವು ಅದನ್ನು ಮರೆತು ಹಾಡು ಕಟ್ಟುವುದು ಸರಿಯೇ?

ಈಗ ಚಲನಚಿತ್ರಗಳತ್ತ ತಿರುಗೋಣ. ತಪಸ್ಸುಕಾಲ ಬಂತೆಂದರೆ ಇಂದಿಗೂ ಎಷ್ಟೋ ಮನೆಗಳಲ್ಲಿ ನೋಡುವ ಚಿತ್ರ ಮೆಲ್ ಗಿಬ್ಸನ್ನರ 'ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್'. 2004ರ ವಿಭೂತಿ ಬುಧವಾರದಂದು ಅಮೆರಿಕದಲ್ಲಿ ತೆರೆಕಂಡ ಈ ಚಿತ್ರದ ಪಾತ್ರಗಳು ಅರಮಾಯಿಕ್, ಹೀಬ್ರೂ ಮತ್ತು ಲ್ಯಾಟಿನ್ ಭಾಷೆಗಳಲ್ಲಿ ಮಾತನಾಡುತ್ತವೆ. ಸುಮಾರು 3 ಕೋಟಿ ಡಾಲರ್ ವೆಚ್ಚದ ಚಿತ್ರ ಜಗತ್ತಿನಾದ್ಯಂತ 60 ಕೋಟಿ ಡಾಲರಿಗೂ ಮಿಗಿಲಾಗಿ ಗಳಿಸಿತು. ಅದರಲ್ಲಿ ಮರೆಯಲಾಗದ ದೃಶ್ಯವೊಂದಿದೆ. ಶಿಲುಬೆ ಹೊತ್ತ ಮಗ ಬೀಳುವುದನ್ನು ಕಂಡ ಮಾತೆ ಮರಿಯಮ್ಮನವರಿಗೆ, ಎಳೆಯ ಬಾಲಕನಾಗಿದ್ದಾಗ ಅವನು ಎಡವಿಬಿದ್ದದ್ದು ನೆನಪಾಗುತ್ತದೆ. ಅಂದು ಓಡಿದಂತೆಯೇ ಇಂದೂ ಓಡುತ್ತಾರೆ. ನಾಲ್ಕನೆಯ ಸ್ಥಳದ ಮುಂದೆ ನಿಂತಾಗಲೆಲ್ಲ ನನಗೆ ಆ ದೃಶ್ಯ ನೆನಪಾಗುತ್ತದೆ. ಅದಕ್ಕಾಗಿ ನಾನು ಆ ಚಿತ್ರಕ್ಕೆ ಋಣಿ.

ಆದರೆ ಉಳಿದ ಚಿತ್ರದ ಬಗ್ಗೆ ಅದೇ ಮಾತನ್ನು ಹೇಳಲಾರೆ. ಕೊರಡೆಯ ಹೊಡೆತವನ್ನು ಸಂತ ಯೊವಾನ್ನರು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತಾರೆ. ಚಿತ್ರದಲ್ಲಿ ಅದು ನಿಮಿಷಗಟ್ಟಲೆ, ಚರ್ಮ ಕಿತ್ತುಬರುವವರೆಗೆ ಮುಂದುವರಿಯುತ್ತದೆ. ನೋಡುತ್ತಾ ನೋಡುತ್ತಾ ಮೊದಲು ಮನಸ್ಸು ನಡುಗುತ್ತದೆ, ಆಮೇಲೆ ಮರಗಟ್ಟುತ್ತದೆ. ಪುನರುತ್ಥಾನಕ್ಕೆ ಸಿಕ್ಕಿರುವುದು ಕೊನೆಯ ಕೆಲವು ಕ್ಷಣಗಳು ಮಾತ್ರ. ಕ್ರಿಸ್ತರ ಯಾತನೆಯ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನ ಯೆಹೂದ್ಯರ ಮೇಲಾಗಲಿ ಹೊರಿಸಬಾರದೆಂದು 1965ರಲ್ಲಿ ಮಹಾಸಭೆ ಬೋಧಿಸಿದ್ದನ್ನು, ಈ ಚಿತ್ರದ ಗುಂಪುದೃಶ್ಯಗಳನ್ನು ನೋಡುವಾಗ ಮಕ್ಕಳಿಗೆ ಬಿಡಿಸಿ ಹೇಳಬೇಕಾಗುತ್ತದೆ. ಚಿಕ್ಕ ಮಕ್ಕಳಿಗಂತೂ ಇದು ತಕ್ಕ ಚಿತ್ರವಲ್ಲ.

ಇದೇ ಚಿತ್ರದ ಹಲವು ದೃಶ್ಯಗಳನ್ನು ದಕ್ಷಿಣ ಇಟಲಿಯ ಮತೇರಾ ಎಂಬ ಕಲ್ಲಿನ ಊರಿನಲ್ಲಿ ಚಿತ್ರಿಸಲಾಯಿತು. ನಲವತ್ತು ವರ್ಷಗಳ ಹಿಂದೆ, 1964ರಲ್ಲಿ ತೆರೆಕಂಡ 'ಸಂತ ಮತ್ತಾಯರ ಶುಭಸಂದೇಶ'ದ ಚಿತ್ರಕ್ಕಾಗಿ ಪಿಯೆರ್ ಪಾವೊಲೊ ಪಾಸೊಲಿನಿ ಕೂಡ ಅದೇ ಊರಿಗೆ ಹೋಗಿದ್ದರು. ನಾಸ್ತಿಕರೂ ಮಾರ್ಕ್ಸ್‌ವಾದಿಯೂ ಆಗಿದ್ದ ಅವರು ಆ ಚಿತ್ರವನ್ನು ಪೋಪ್ ಇಪ್ಪತ್ತಮೂರನೆಯ ಜಾನ್ ಅವರ ನೆನಪಿಗೆ ಅರ್ಪಿಸಿದರು. ವೃತ್ತಿನಟರ ಬದಲು ಸಾಮಾನ್ಯರನ್ನು ಆರಿಸಿಕೊಂಡರು. ವಯಸ್ಸಾದ ಮರಿಯಮ್ಮನವರ ಪಾತ್ರಕ್ಕೆ ತಮ್ಮ ಹೆತ್ತ ತಾಯಿಯನ್ನೇ ನಿಲ್ಲಿಸಿದರು. ಅಲ್ಲಿನ ಮುಖಗಳು ಬಿಸಿಲುಂಡ ಬಡವರ ಮುಖಗಳು. ರಕ್ತ ಕಡಿಮೆ, ಶುಭಸಂದೇಶದ ಮಾತು ಹೆಚ್ಚು. 1995ರಲ್ಲಿ ವ್ಯಾಟಿಕನ್ ಪ್ರಕಟಿಸಿದ 45 ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ ಇದಕ್ಕೂ ಸ್ಥಾನ ದೊರೆಯಿತು. ಊರು ಒಂದೇ, ಕಥೆ ಒಂದೇ. ಗಿಬ್ಸನ್ನರ ಚಿತ್ರ ನಮ್ಮ ಕಣ್ಣೀರನ್ನು ಕೇಳುತ್ತದೆ, ಪಾಸೊಲಿನಿಯವರ ಚಿತ್ರ ನಮ್ಮ ಉತ್ತರವನ್ನು ಕೇಳುತ್ತದೆ.

ನಾನು ಓದುಗರಿಗೆ ಮುಖ್ಯವಾಗಿ ಸೂಚಿಸಬಯಸುವ ಚಿತ್ರ ಮತ್ತೊಂದು: ಫ್ರಾನ್ಸಿನ ಗ್ಸಾವಿಯೆ ಬೊವ್ವಾ ನಿರ್ದೇಶಿಸಿದ 'ಆಫ್ ಗಾಡ್ಸ್ ಅಂಡ್ ಮೆನ್'. 2010ರ ಕಾನ್ ಚಿತ್ರೋತ್ಸವದಲ್ಲಿ ಇದಕ್ಕೆ ಗ್ರ್ಯಾಂಡ್ ಪ್ರಿಕ್ಸ್ ಪ್ರಶಸ್ತಿ ಬಂದಿತು. ಅಲ್ಜೀರಿಯಾದ ತಿಬಿರೀನ್ ಎಂಬಲ್ಲಿ ಮುಸ್ಲಿಂ ಹಳ್ಳಿಗರ ನಡುವೆ ಬಾಳಿದ ಸಿಸ್ಟರ್ಷಿಯನ್ ಸನ್ಯಾಸಿಗಳ ನಿಜಕಥೆ ಇದು. 1996ರ ಮಾರ್ಚ್‌ನಲ್ಲಿ ಅವರಲ್ಲಿ ಏಳು ಮಂದಿಯನ್ನು ಅಪಹರಿಸಲಾಯಿತು. ಅದೇ ವರ್ಷ ಅವರ ಮರಣದ ವಾರ್ತೆ ಬಂದಿತು. 2018ರ ಡಿಸೆಂಬರ್ 8ರಂದು ಓರಾನ್ ನಗರದಲ್ಲಿ ಅವರನ್ನೂ ಅಲ್ಜೀರಿಯಾದ ಇತರ ಹನ್ನೆರಡು ಹುತಾತ್ಮರನ್ನೂ ಧನ್ಯರೆಂದು ಘೋಷಿಸಲಾಯಿತು.

ಚಿತ್ರದಲ್ಲಿ ಅವರ ಕೊಲೆಯನ್ನು ತೋರಿಸಿಲ್ಲ. ಹಿಮದ ಮಬ್ಬಿನಲ್ಲಿ ಅವರು ನಡೆದು ಮರೆಯಾಗುತ್ತಾರೆ, ಅಷ್ಟೆ. ಚಿತ್ರದುದ್ದಕ್ಕೂ ನಾವು ಕಾಣುವುದು ಅವರ ದಿನಚರಿಯನ್ನು: ತೋಟದ ಕೆಲಸ, ಜೇನು ಮಾರಾಟ, ವೃದ್ಧ ವೈದ್ಯ ಬ್ರದರ್ ಲ್ಯೂಕ್ ಹಳ್ಳಿಗರಿಗೆ ಮದ್ದು ಕೊಡುವುದು, ಹೋಗಬೇಕೇ ಉಳಿಯಬೇಕೇ ಎಂಬ ಹೊಯ್ದಾಟ, ಮತ್ತು ಹೊತ್ತುಹೊತ್ತಿಗೆ ಹಾಡುವ ಕೀರ್ತನೆಗಳು. ಒಂದು ದೃಶ್ಯದಲ್ಲಿ ಪ್ರಾರ್ಥನಾಮಂದಿರದ ಮೇಲೆ ಸೈನಿಕ ಹೆಲಿಕಾಪ್ಟರೊಂದು ಸುತ್ತತೊಡಗುತ್ತದೆ. ಅದರ ಅಬ್ಬರಕ್ಕೆ ಹಾಡು ಕೇಳಿಸದಂತಾಗುತ್ತದೆ. ಆಗ ಆ ವೃದ್ಧರು ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ಒತ್ತಿ ನಿಂತು, ಇನ್ನಷ್ಟು ಗಟ್ಟಿಯಾಗಿ ಹಾಡುತ್ತಾರೆ. ಅವರ ಕಂಠ ಮಧುರವೇನಲ್ಲ. ಪಕ್ಕವಾದ್ಯವಿಲ್ಲ, ಯಂತ್ರವಿಲ್ಲ. ಆದರೆ ಪ್ರತಿಯೊಬ್ಬರಿಗೂ ಹಾಡು ಕಂಠಪಾಠ. ಮತ್ತಾಯರ ಶುಭಸಂದೇಶದ ದೋಣಿ ನನಗೆ ಕಂಡದ್ದು ಅಲ್ಲಿ.

ಈ ದೃಶ್ಯವನ್ನು ನೋಡಿದಾಗ ನಮ್ಮ ದೇವಾಲಯದ ಕತ್ತಲು ನೆನಪಾಗಿ ನಾಚಿಕೆಯಾಯಿತು. ಅವರ ಹಾಡನ್ನು ಹೆಲಿಕಾಪ್ಟರಿಗೆ ಅಡಗಿಸಲಾಗಲಿಲ್ಲ; ನಮ್ಮ ಹಾಡು ನಿಲ್ಲಲು ವಿದ್ಯುತ್ ಹೋದದ್ದೇ ಸಾಕಾಯಿತು. ನಾಳೆ ನಮ್ಮ ಮನೆಗೆ ರೋಗ ಬಂದಾಗ, ಸಾವು ಬಂದಾಗ, ಆ ಹೊತ್ತಿಗೆ ಬಾಯಿಗೆ ಬರುವ ಹಾಡು ಯಾವುದು? ಕೇಳಿದ ಸಾವಿರ ಹಾಡುಗಳಲ್ಲಿ ಕಲಿತವು ಎಷ್ಟು?

ಪ್ರಿಯ ಓದುಗರೇ, ಹೊಸ ಹಾಡುಗಳನ್ನು ಕೇಳಬೇಡಿ ಎಂದು ನಾನು ಹೇಳುತ್ತಿಲ್ಲ. ಮಕ್ಕಳೊಡನೆ ಕುಳಿತು ಕೇಳಿರಿ. ಅದರಲ್ಲಿ ದೋಣಿಯಿದೆಯೇ ಎಂದು ಅವರನ್ನೇ ಕೇಳಿರಿ. ಚಿತ್ರವನ್ನು ನೋಡಿದ ಮೇಲೆ ಟಿ.ವಿ. ಆರಿಸಿ, ಶುಭಸಂದೇಶದ ಅದೇ ಭಾಗವನ್ನು ಒಬ್ಬರು ಓದಿರಿ. ಆಮೇಲೆ ಒಂದೇ ಒಂದು ಹಾಡನ್ನು, ಹಳೆಯದಾಗಲಿ ಹೊಸದಾಗಲಿ, ಮನೆಮಂದಿಯೆಲ್ಲ ಪುಸ್ತಕವಿಲ್ಲದೆ ಹಾಡುವಂತೆ ಕಲಿಯಿರಿ.

ನಮ್ಮ ಮನೆಯಲ್ಲಿ ಈ ಕೆಲಸ ಆರಂಭವಾಗಿದೆ. ರಾತ್ರಿಯ ಜಪಸರದ ನಂತರ ಮಗಳು ಸಾಲು ಹೇಳಿಕೊಡುತ್ತಾಳೆ, ನಾನು ಹಾಡುತ್ತೇನೆ. ಶ್ರುತಿ ತಪ್ಪಿದಾಗ ಅವಳು ನಗುತ್ತಾಳೆ. ಶಿಲುಬೆಯ ಹಾದಿಯ ಹಾಡಿನ ಮೂರನೆಯ ಚರಣದವರೆಗೆ ಬಂದಿದ್ದೇವೆ. ನಾಲ್ಕನೆಯದು ತಾಯಿಯನ್ನು ಸಂಧಿಸುವ ಚರಣ.