ಅಂಬಾರಕೊಡ್ಲದ ಅಂಗಳ

ಗೆಳೆಯನ ಮೊದಲ ಕವನ ಸಂಕಲನವನ್ನು ಕೈಯಲ್ಲಿ ಹಿಡಿದಾಗ ಆಗುವ ಖುಷಿ ಬಹುಶಃ ನಮ್ಮದೇ ಪುಸ್ತಕ ಬಂದಾಗಿನ ಖುಷಿಗಿಂತ ನಿರಾಳವಾದದ್ದು. ಅಂಕೋಲೆ, ಕಾರವಾರದ ಕಡೆ ಈ ಖುಷಿಯನ್ನು ಹಂಚಿ ಉಣ್ಣುವ ರೂಢಿ ಇದೆ.

ಇದರ ಬೇರು ಹುಡುಕಿದರೆ ದಿನಕರ ದೇಸಾಯಿಯವರು (1909–1982) ಸಿಗುತ್ತಾರೆ. ಅವರ ನಾಲ್ಕು ಸಾಲಿನ ಚುಟುಕಗಳು 'ಜನಸೇವಕ' ವಾರಪತ್ರಿಕೆಯಲ್ಲಿ ಅಚ್ಚಾಗಿ ಜನರ ಬಾಯಿಪಾಠವಾದವು. ಕವಿತೆ ಪ್ರಕಟವಾಗುವುದೆಂದರೆ ಊರಿಗೆ ತಲುಪುವುದು ಎಂಬ ನಂಬಿಕೆ ಅಲ್ಲಿಂದಲೇ ಬಂದಿರಬೇಕು.

ಆ ನಂಬಿಕೆಗೆ ಅಂಗಳ ಕಟ್ಟಿಕೊಟ್ಟವರು ಕವಿ ವಿಷ್ಣು ನಾಯ್ಕರು. ಅಂಕೋಲೆಯ ಪಕ್ಕದ ಅಂಬಾರಕೊಡ್ಲದಲ್ಲಿ ಕೂತು, ರಾಘವೇಂದ್ರ ಪ್ರಕಾಶನದ ಹೆಸರಲ್ಲಿ ತಮ್ಮ ಪುಸ್ತಕಗಳ ಜೊತೆ ಬೇರೆಯವರ ಪುಸ್ತಕಗಳನ್ನೂ ತಂದರು. ಬೆಂಗಳೂರು, ಧಾರವಾಡದ ಪ್ರಕಾಶಕರ ಬಾಗಿಲು ದೂರವಿದ್ದ ಕರಾವಳಿಯ ಬರಹಗಾರರಿಗೆ ಇದು ಸಣ್ಣ ಮಾತಲ್ಲ. ತಾನೂ ಕವಿಯಾಗಿದ್ದು ಇನ್ನೊಬ್ಬರ ಸಾಲಿನ ಕರಡು ತಿದ್ದಲು ದೊಡ್ಡ ಮನಸ್ಸು ಬೇಕು. ಮನೆಯ ಬಳಿಯ 'ಪರಿಮಳದಂಗಳ' ಸಾಹಿತ್ಯದ ಕೂಟಗಳಿಗೆ ತೆರೆದೇ ಇತ್ತು.

ಪುಸ್ತಕ ಬಿಡುಗಡೆಯ ದಿನ ನಾನು ನೋಡುವುದು ವೇದಿಕೆಯನ್ನಲ್ಲ, ಕಡೆಯ ಸಾಲನ್ನು. ಅಲ್ಲಿ ಕೂತ ಇನ್ನೂ ಪುಸ್ತಕ ಬಾರದ ಹುಡುಗಿ ಎರಡು ಪ್ರತಿ ಕೊಳ್ಳುತ್ತಾಳೆ. ಒಂದು ಓದಲು, ಇನ್ನೊಂದು ಕಾರವಾರದ ಗೆಳತಿಗೆ ಕೊಡಲು. ಕವಿ ಹಸ್ತಾಕ್ಷರ ಹಾಕುವಾಗ ಅವಳು ಕೇಳುವುದು ಒಂದೇ: "ಮುಂದಿನದು ಯಾವಾಗ?"

ವಿಷ್ಣು ನಾಯ್ಕರು 2024ರಲ್ಲಿ ತೀರಿಕೊಂಡರು. ಅವರು ತಂದ ಪುಸ್ತಕಗಳು ನನ್ನ ಕಪಾಟಿನಲ್ಲಿ ಒಟ್ಟಿಗೇ ನಿಂತಿವೆ.