ತೆರೆಯ ಮೇಲಿನ ಆಳ: ಕಂಡದ್ದೆಲ್ಲ ಅಳತೆಯಲ್ಲ

ಮೂರು ಆಯಾಮದ ತೆರೆಗಳನ್ನು ಹೋಲಿಸುವಾಗ ‘ಇದರಲ್ಲಿ ಆಳ ಹೆಚ್ಚು ಕಾಣುತ್ತದೆ, ಆದ್ದರಿಂದ ಇದೇ ಉತ್ತಮ’ ಎನ್ನುವುದು ರೂಢಿ. ಜಾಹೀರಾತಿಗೆ ಇಷ್ಟು ಸಾಕು; ವಿಜ್ಞಾನಕ್ಕೆ ಸಾಲದು.

ಇಂಥ ತೆರೆ ಎರಡು ಕಣ್ಣುಗಳಿಗೆ ಎರಡು ಬೇರೆ ಚಿತ್ರಗಳನ್ನು ಒದಗಿಸುತ್ತದೆ. ಒಂದೇ ವಸ್ತುವಿನ ಬಿಂಬಗಳು ತೆರೆಯ ಮೇಲೆ ತುಸು ಸರಿದಿರುತ್ತವೆ. ಈ ಅಂತರವನ್ನು ಸ್ಥಾನಭೇದ ಎನ್ನೋಣ. ಮಿದುಳು ಇದರಿಂದಲೇ ಆಳವನ್ನು ಗ್ರಹಿಸುತ್ತದೆ. ಬಲಗಣ್ಣಿನ ಬಿಂಬ 1.3 ಸೆಂ.ಮೀ. ಬಲಕ್ಕೆ ಸರಿದಿದೆ, ನೋಡುವವನ ಕಣ್ಣುಗಳ ನಡುವಣ ಅಂತರ 6.5 ಸೆಂ.ಮೀ. ಎಂದುಕೊಳ್ಳಿ. ಸದೃಶ ತ್ರಿಭುಜಗಳ ಲೆಕ್ಕದಂತೆ, 2 ಮೀಟರ್ ದೂರದಲ್ಲಿ ಕುಳಿತವನಿಗೆ ವಸ್ತು ತೆರೆಯಿಂದ 50 ಸೆಂ.ಮೀ. ಹಿಂದೆ ಕಾಣಬೇಕು, 4 ಮೀಟರ್ ದೂರದವನಿಗೆ 1 ಮೀಟರ್ ಹಿಂದೆ. ಕಣ್ಣುಗಳ ಅಂತರ 5.2 ಸೆಂ.ಮೀ. ಇರುವ ಮಗುವಿಗೆ 2 ಮೀಟರ್ ದೂರದಿಂದಲೇ ಸುಮಾರು 67 ಸೆಂ.ಮೀ. ತೆರೆ ಒಂದೇ, ಚಿತ್ರ ಒಂದೇ, ಆಳ ಮಾತ್ರ ಮೂರು!

ಎದ್ದು ಕಾಣುವ ಆಳ ನಿಖರವೂ ಆಗಿರಬೇಕಿಲ್ಲ. ಇಸ್ರೋ 2005ರಲ್ಲಿ ಉಡಾಯಿಸಿದ ಕಾರ್ಟೋಸ್ಯಾಟ್-1 ಉಪಗ್ರಹದ ಒಂದು ಕ್ಯಾಮೆರಾ 26 ಡಿಗ್ರಿ ಮುಂದಕ್ಕೂ ಇನ್ನೊಂದು 5 ಡಿಗ್ರಿ ಹಿಂದಕ್ಕೂ ಓರೆಯಾಗಿದ್ದವು. ಕ್ಯಾಮೆರಾ ನೆಲೆಗಳ ಅಂತರಕ್ಕೂ ಎತ್ತರಕ್ಕೂ ಇದ್ದ ಅನುಪಾತ ಸುಮಾರು 0.62. ಅರ್ಧ ಮೀಟರ್ ದೂರದ ವಸ್ತುವನ್ನು ನೋಡುವ ನಮ್ಮ ಕಣ್ಣುಗಳಿಗೆ ಅದು 0.13 ಮಾತ್ರ. ಆದ್ದರಿಂದ ಬೆಂಗಳೂರಿನ ಬೆಳ್ಳಂದೂರು ಕೆರೆಯ ಸುತ್ತಲಿನ ಇಂಥ ಜೋಡಿಚಿತ್ರವನ್ನು ತೆರೆಯಲ್ಲಿ ನೋಡಿದರೆ ಸಾಧಾರಣ ಇಳಿಜಾರೂ ಕಡಿದಾಗಿ ತೋರುತ್ತದೆ. ಆದರೆ ಅಲ್ಲಿ ಒಂದು ಚಿತ್ರಬಿಂದು ಎಂದರೆ ನೆಲದ ಮೇಲೆ 2.5 ಮೀಟರ್. ಒಂದು ಬಿಂದುವಿನಷ್ಟು ಸ್ಥಾನಭೇದಕ್ಕೆ ಸುಮಾರು 4 ಮೀಟರ್ ಎತ್ತರ! 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ವರ್ತುಲ ರಸ್ತೆ ಜಲಾವೃತವಾದಂಥ ಸಂದರ್ಭದಲ್ಲಿ ನೀರಿನ ದಾರಿಯನ್ನು ನಿರ್ಧರಿಸುವುದು ಒಂದೆರಡು ಮೀಟರುಗಳ ಏರುಪೇರು. ತಂತ್ರಾಂಶಗಳು ಬಿಂದುವಿನ ಭಾಗವನ್ನೂ ಅಳೆಯಬಲ್ಲವು, ನಿಜ. ಆದರೆ ಆ ನಿಖರತೆಗೆ ನೆಲದ ಮೇಲಿನ ಅಳತೆ ಸಾಕ್ಷಿಯೇ ಹೊರತು ಕಣ್ಣಿನ ಬೆರಗಲ್ಲ.

ಹಾಗಾದರೆ ಹೋಲಿಕೆ ಹೇಗೆ? ನೋಡುವ ದೂರ, ಕಣ್ಣುಗಳ ಅಂತರ, ಸ್ಥಾನಭೇದ ಈ ಮೂರನ್ನೂ ದಾಖಲಿಸಬೇಕು. ನೆರಳು, ಗಾತ್ರ ಮೊದಲಾದವು ಒಂಟಿ ಕಣ್ಣಿಗೂ ಆಳವನ್ನು ಸೂಚಿಸುವುದರಿಂದ, ಬೆಲಾ ಯೂಲೆಸ್ 1960ರಲ್ಲಿ ಪ್ರಕಟಿಸಿದ ಯಾದೃಚ್ಛಿಕ ಚುಕ್ಕಿಗಳ ಚಿತ್ರಗಳನ್ನು ಬಳಸಬೇಕು. ನೋಡುಗರು ಸೂಚಿಸಿದ ಆಳವನ್ನು ಲೆಕ್ಕದ ಆಳದೊಡನೆ ಹೋಲಿಸಿ, ದೋಷ ಕಡಿಮೆಯಿರುವ ತೆರೆಯನ್ನು ಉತ್ತಮವೆನ್ನಬೇಕು.

ಶಿಕ್ಷಕರು ಇನ್ನೊಂದನ್ನು ಮರೆಯಬಾರದು. ಮೆಳ್ಳೆಗಣ್ಣು ಅಥವಾ ಮಂದದೃಷ್ಟಿಯಿರುವ ಮಗುವಿಗೆ ಯಾವ ತೆರೆಯಲ್ಲೂ ಈ ಆಳ ಕಾಣದಿರಬಹುದು. ಅಂಥ ಮಗುವಿಗೆ ‘ಸರಿಯಾಗಿ ನೋಡು’ ಎಂದು ಗದರುವುದಲ್ಲ, ಕಣ್ಣಿನ ತಪಾಸಣೆ ಮಾಡಿಸುವುದು ಸರಿಯಾದ ಕ್ರಮ.