ಬೇಟೆಗಾರನ ಪರಿಮಾಣವ್ರತ

ಅಮೆರಿಕದ ಅರಣ್ಯಶಾಸ್ತ್ರಜ್ಞ ಆಲ್ಡೋ ಲಿಯೋಪೋಲ್ಡ್ (1887–1948) ಅವರ ‘ಎ ಸ್ಯಾಂಡ್ ಕೌಂಟಿ ಆಲ್ಮನ್ಯಾಕ್’ ಅವರ ಮರಣಾನಂತರ, 1949ರಲ್ಲಿ ಪ್ರಕಟವಾದ ಕೃತಿ. ಮಣ್ಣು, ನೀರು, ಸಸ್ಯ, ಪ್ರಾಣಿಗಳೆಲ್ಲವೂ ಮನುಷ್ಯನ ನೈತಿಕ ಸಮುದಾಯಕ್ಕೆ ಸೇರಿದವು ಎಂಬುದು ಅದರ ‘ಭೂನೀತಿ’. ಪೃಥ್ವೀಕಾಯ, ಅಪ್ಕಾಯ ಜೀವಗಳ ವಿಚಾರವನ್ನು ಬಾಲ್ಯದಿಂದಲೇ ಕೇಳಿ ಬಲ್ಲ ಜೈನ ಓದುಗನಿಗೆ ಈ ಮಾತು ಆತ್ಮೀಯವೆನಿಸುವುದು ಸಹಜ. ಆದರೆ ಹಕ್ಕಿಬೇಟೆಯ ಸಂತೋಷವನ್ನು ಕೊಂಡಾಡುವ ಪ್ರಬಂಧಗಳೂ ಇದೇ ಗ್ರಂಥದಲ್ಲಿವೆ. ಅವನ್ನು ಬದಿಗಿರಿಸಿ ಕೃತಿಯನ್ನು ಹೊಗಳುವುದು ವಿಮರ್ಶೆಯಾಗದು.

ಅಕ್ಟೋಬರ್ ತಿಂಗಳ ಭಾಗದಲ್ಲಿ ವಿಸ್ಕಾನ್ಸಿನ್ ರಾಜ್ಯದ ಶರತ್ಕಾಲದ ಕಾಡಿನ ವರ್ಣನೆಯಿದೆ. ಟ್ಯಾಮರಾಕ್ ಮರಗಳು ಹೊಂಬಣ್ಣಕ್ಕೆ ತಿರುಗಿವೆ. ನಾಯಿಯು ಗಾಳಿಗೆ ಮೂಗೊಡ್ಡಿ ಗ್ರೌಸ್ ಎಂಬ ಕಾಡುಹಕ್ಕಿಯ ವಾಸನೆಯನ್ನು ಅರಸುತ್ತದೆ. ಇಂಥ ಬೇಟೆಗೆ ಪಳಗಿಸಿದ ಪಾಯಿಂಟರ್ ನಾಯಿ ಹಕ್ಕಿಯ ಮೇಲೆ ಎರಗುವುದಿಲ್ಲ. ಅದು ಅಡಗಿರುವ ಪೊದೆಯೆದುರು ನಿಶ್ಚಲವಾಗಿ ನಿಂತು ನೆಲೆಯನ್ನು ತೋರಿಸುತ್ತದೆ. ಹಕ್ಕಿ ಮೇಲೆದ್ದೊಡನೆ ಬೇಟೆಗಾರ ಗುಂಡು ಹಾರಿಸುತ್ತಾನೆ. ಅದರ ಮಾಂಸ ಊಟಕ್ಕೆ ಒದಗಿದರೂ ಹಸಿವೆ ಇಲ್ಲಿ ಕಾರಣವಲ್ಲ. ಶ್ರಾವಕಾಚಾರದ ದೃಷ್ಟಿಯಲ್ಲಿ ಇದು ಸಂಕಲ್ಪೀ ಹಿಂಸೆ, ಬೇಟೆಯು ಸಪ್ತವ್ಯಸನಗಳಲ್ಲೊಂದು.

ಆದರೂ ಲಿಯೋಪೋಲ್ಡರನ್ನು ಕೇವಲ ವ್ಯಸನಿಯೆಂದು ತಳ್ಳಿಹಾಕುವಂತಿಲ್ಲ. ಏಪ್ರಿಲ್ ತಿಂಗಳ ಪ್ರಬಂಧವೊಂದರಲ್ಲಿ ವುಡ್‌ಕಾಕ್ ಎಂಬ ಹಕ್ಕಿ ಸಂಜೆಯ ಮಬ್ಬಿನಲ್ಲಿ ಸುರುಳಿಸುರುಳಿಯಾಗಿ ಮೇಲೇರಿ ಕುಣಿಯುವುದನ್ನು ಅವರು ವರ್ಣಿಸಿದ್ದಾರೆ. ಆ ನೃತ್ಯವನ್ನು ಅರಿತ ಮೇಲೆ, ಬೇಟೆಯ ಕಾಲದಲ್ಲಿ ಒಂದೆರಡು ಹಕ್ಕಿಗಳೇ ತಮಗೆ ಸಾಕೆನಿಸಿದವೆಂದೂ ಮುಂದಿನ ವಸಂತದಲ್ಲಿ ನರ್ತಕರ ಕೊರತೆಯಾಗಬಾರದೆಂದೂ ಹೇಳಿದ್ದಾರೆ.

ಕೃತಿಯ ಹಿರಿಮೆಯೂ ಕೊರತೆಯೂ ಇಲ್ಲಿಯೇ ಕಾಣುತ್ತವೆ. ಕಾನೂನಿನ ಒತ್ತಾಯವಿಲ್ಲದೆ, ಅರಿವಿನಿಂದಲೇ ಒಬ್ಬ ಬೇಟೆಗಾರನು ತನಗೆ ತಾನೇ ಪರಿಮಾಣವನ್ನು ವಿಧಿಸಿಕೊಂಡದ್ದು ಸಣ್ಣ ಮಾತಲ್ಲ. ಆದರೆ ಆ ಪರಿಮಾಣಕ್ಕೆ ಆಧಾರ ಸಂತತಿಯ ಸಂಖ್ಯೆಯೇ ಹೊರತು ಜೀವವಲ್ಲ. ಗುಂಡಿಗೆ ಬಿದ್ದ ಆ ಒಂದೆರಡು ಹಕ್ಕಿಗಳ ಪಾಲಿಗೆ ಮುಂದಿನ ವಸಂತವೇ ಇಲ್ಲ. ಸಮುದಾಯ ಉಳಿಯಿತೇ ಎಂದು ಭೂನೀತಿ ಕೇಳುತ್ತದೆ. ಈ ಒಂದು ಜೀವಕ್ಕೆ ನೋವಾಯಿತೇ ಎಂದು ಅಹಿಂಸೆ ಕೇಳುತ್ತದೆ. ಜನ್ನನ ‘ಯಶೋಧರ ಚರಿತೆ’ಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಲೋಕದ ಕೋಳಿಗಳ ಲೆಕ್ಕದಲ್ಲಿ ಒಂದೂ ಕಡಿಮೆಯಾಗಲಿಲ್ಲ. ಆದರೂ ಆ ಸಂಕಲ್ಪವೇ ಭವಭವಗಳ ದುಃಖಕ್ಕೆ ಬೀಜವಾಯಿತು. ಲಿಯೋಪೋಲ್ಡರ ಲೆಕ್ಕಕ್ಕೆ ಸಿಗದೆ ಹೋದದ್ದು ಈ ಸೂಕ್ಷ್ಮ.

ಹಾಗೆಂದು, ಬಂದೂಕನ್ನೇ ಮುಟ್ಟದವರು ಇದನ್ನೋದಿ ಹೆಮ್ಮೆಪಡಬೇಕಾಗಿಲ್ಲ. 1935ರಲ್ಲಿ ಸತ್ವಗುಂದಿದ ಜಮೀನೊಂದನ್ನು ಕೊಂಡ ಲಿಯೋಪೋಲ್ಡ್, ಕುಟುಂಬದವರೊಡನೆ ಅಲ್ಲಿ ಸಾವಿರಾರು ಪೈನ್ ಸಸಿಗಳನ್ನು ನೆಟ್ಟರು; ಅಲ್ಲಿಯ ಹಕ್ಕಿಗಳನ್ನು ವರ್ಷವರ್ಷವೂ ಗಮನಿಸಿ ಬರೆದಿಟ್ಟರು. ಬಸದಿಯ ಆವರಣದ ಪೊದೆಗಳನ್ನು ಸವರಿ ಸಿಮೆಂಟು ಹಾಸುವ ಮುನ್ನ, ಅಲ್ಲಿ ಯಾವ ಹಕ್ಕಿ ಗೂಡು ಕಟ್ಟಿದೆಯೆಂದು ವಿಚಾರಿಸುವ ಆಡಳಿತ ಮಂಡಳಿಗಳು ಎಷ್ಟಿವೆ? ಸಂಕಲ್ಪವಿಲ್ಲದಿದ್ದರೂ ಪ್ರಮಾದವು ಹಿಂಸೆಗೆ ದಾರಿಯಾಗುತ್ತದೆ. ಬೇಟೆಗಾರನ ಅರಿವಿಗೆ ಶ್ರಾವಕನ ವ್ರತ ಕೂಡಬೇಕಿತ್ತು. ಶ್ರಾವಕನ ವ್ರತಕ್ಕೆ ಆ ಅರಿವು ಇನ್ನೂ ಕೂಡಬೇಕಾಗಿದೆ.